ಮೂರು ಊರು, ಅರ್ಧ ಕೋಟೆ

ಇಲ್ಲ ಮಾರಾಯ್ರೆ, ಗೆರೆ ನೆಟ್ಟಗೆ ಎಳೆಯಲಿಕ್ಕೆ ಬರುವುದಿಲ್ಲ ಅಂತ ನಾನು ಆರ್ಕಿಟೆಕ್ಚರ್ ಕಾಲೇಜು ಬಿಟ್ಟದ್ದಲ್ಲ. ನೀವು ಬಾಯಿಬಿಟ್ಟು ಕೇಳಿಲ್ಲ, ಗೊತ್ತುಂಟು. ಆದ್ರೆ ಅಪ್ಪನ ಬ್ಯಾಂಕಿನವರು ನೋಡುವ ನೋಟದಲ್ಲೇ ಕೇಳ್ತಾರೆ. ಆಗಸ್ಟ್ ಹದಿನೈದೋ ಜನವರಿ ಇಪ್ಪತ್ತಾರೋ ಬಂದ್ರೆ ಸಾಕು, "ನಿಮ್ಮ ಹುಡುಗ ಚಿತ್ರ ಬಿಡಿಸ್ತಾನಲ್ಲ?" ಅಂತಾರೆ. ನಾನು ಸಿಕ್ಕಿಬೀಳ್ತೇನೆ. ಅಪ್ಪನ ಷರತ್ತು ಒಂದೇ: "ಒಂದು ಕೆಲಸವಾದ್ರೂ ಪೂರ್ತಿ ಮಾಡಿ ತೋರಿಸು. ಇಲ್ಲಾಂದ್ರೆ ವಾಪಸ್ ಕಾಲೇಜು."

ಸೂರತ್

ಕತಾರ್‌ಗಾಮ್‌ನಲ್ಲಿ ಅಪ್ಪನ ಪರಿಚಯದವರ ವಜ್ರದ ಕಾರ್ಖಾನೆ. ಸ್ವಾತಂತ್ರ್ಯ ದಿನಕ್ಕೆ ಅಂತ ಅಲ್ಲಿನ ಗೋಡೆಯಲ್ಲಿ ಬಣ್ಣದ ಸೀಮೆಸುಣ್ಣದಿಂದ ಕೆಂಪುಕೋಟೆ ಬರೆದೆ. ವಜ್ರ ಉಜ್ಜುವ ಕಾಕಾ ಒಬ್ರು ಬಂದು, ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಕಣ್ಣಿಗೆ ಒತ್ತಿಕೊಂಡು ಕೋಟೆ ಪರೀಕ್ಷೆ ಮಾಡಿದ್ರು.

"ಭಾಯ್, ಎಡಗಡೆ ಬುರುಜು ಒಂದು ಕೂದಲೆಳೆ ದಪ್ಪ."

ಒರೆಸಿ ಸಣ್ಣ ಮಾಡಿದೆ. "ಈಗ ಬಲಗಡೇದು ದಪ್ಪ."

ಅದನ್ನೂ ಒರೆಸಿದೆ. ಹೀಗೆ ಎರಡೂ ಕಡೆ ಸವೆದು ಸವೆದು ಸಂಜೆಗೆ ಉಳಿದದ್ದು ಮಧ್ಯದ ಹೆಬ್ಬಾಗಿಲು, ಮೇಲೊಂದು ಬಾವುಟ. ಕಾಕಾಗೆ ಖುಷಿಯೋ ಖುಷಿ. "ಚಿಕ್ಕದಾಯ್ತು, ಆದ್ರೆ ಈಗ ಒಂದೇ ಒಂದು ದೋಷ ಇಲ್ಲ!"

ಅಪ್ಪನಿಗೆ ಫೋಟೋ ಕಳಿಸಿದೆ. ಉತ್ತರ ಬಂತು: "ಉಳಿದದ್ದೆಲ್ಲಿ?"

ವಡೋದರಾ

ದೊಡ್ಡಮ್ಮನ ಕಾಲೋನಿ, ಗಣರಾಜ್ಯೋತ್ಸವದ ದಿನ. ಈ ಸಲ ರಂಗೋಲಿಯಲ್ಲಿ ಇಂಡಿಯಾ ಗೇಟ್. ಯಾರೂ ಬಾಯಿ ಹಾಕುವ ಮೊದಲೇ ಮುಗಿಸಬೇಕು ಅಂತ ಬೆಳಕು ಹರಿಯುವಾಗಲೇ ಕೂತು, ಕಾಲೋನಿ ಬಾಗಿಲಿನ ಉದ್ದಗಲಕ್ಕೂ ಬರೆದೆ. ಪೂರ್ತಿ!

ಅಲ್ಲೇ ಎಡವಟ್ಟಾದದ್ದು. ದೇಶದ ಸ್ಮಾರಕವನ್ನು ತುಳಿಯುವವರು ಯಾರು? ಹಾಲಿನವ ಹೊರಗೆ ನಿಂತ. ಸ್ಕೂಟರುಗಳು ಒಳಗೆ ನಿಂತವು. ಬಾವುಟ ಹಾರಿಸಲಿಕ್ಕೆ ಬಂದ ನಿವೃತ್ತ ಕರ್ನಲ್ ಸಾಹೇಬ್ರೂ ಹೊರಗೇ ಬಾಕಿ.

"ಭಾರೀ ಚಂದ ಉಂಟು ಮಗಾ," ಅಂದ ದೊಡ್ಡಮ್ಮ ನನ್ನ ಕೈಗೆ ಪೊರಕೆ ಕೊಟ್ರು. "ಒಂದು ಕಂಬ ಗುಡಿಸು. ಅವರು ಒಳಗೆ ಬರಲಿ."

ಗುಡಿಸಿದೆ. ಸಾಹೇಬ್ರು ಆ ಸಂದಿಯಲ್ಲಿ ಮಾರ್ಚ್ ಮಾಡಿಕೊಂಡೇ ಬಂದ್ರು. ಅವರ ಹಿಂದೆ ಹಾಲಿನವನೂ, ಅದೇ ತಾಳಕ್ಕೆ.

ಅಹಮದಾಬಾದ್

ಕೊನೇ ಅವಕಾಶ. ವಸ್ತ್ರಾಪುರದಲ್ಲಿ ಮಾವನ ಉಡುಪಿ ಹೋಟೆಲು. ಎರಡು ಹಲಗೆಯ ಮರದ ಬಾಗಿಲು, ಹೊರಕ್ಕೆ ತೆರೆಯುವಂಥದ್ದು. ಆಗಸ್ಟ್ ಹದಿನಾಲ್ಕರ ಸಂಜೆ ಎರಡೂ ಹಲಗೆ ಮುಚ್ಚಿ, ಹೊರಮೈ ಮೇಲೆ ಕೆಂಪುಕೋಟೆ ಬರೆದೆ. ಒಂದು ಬುರುಜೂ ಬಿಡಲಿಲ್ಲ.

ಬೆಳಿಗ್ಗೆ ಅಪ್ಪ ನೋಡಲಿಕ್ಕೆ ಬರುವಷ್ಟರಲ್ಲಿ ಮಾವ ಬಲಗಡೆ ಹಲಗೆಯನ್ನು ಪೂರ್ತಿ ತೆರೆದು ಹೊರಗೋಡೆಗೆ ಅಂಟಿಸಿ ಇಟ್ಟಿದ್ರು. ಅರ್ಧ ಕೋಟೆ ಗೋಡೆಗೆ ಮುಖ ಮಾಡಿ ನಿಂತಿತ್ತು.

"ಮಾವ, ಒಂದು ನಿಮಿಷ ಬಾಗಿಲು ಹಾಕ್ಲಾ?"

"ಎಂತ ಮಾತು ಮಾರಾಯ! ಇವತ್ತು ಎಲ್ಲ ಕಡೆ ರಜೆ. ಬಾಗಿಲು ಹಾಕಿದ್ರೆ ನಮ್ಮದೂ ಬಂದ್ ಅಂತ ಗಿರಾಕಿ ವಾಪಸ್ ಹೋಗ್ತಾರೆ."

ಅಪ್ಪ ಒಳಗೆ ಬಂದು ಕೂತ್ರು. ಕಾಫಿ ಮುಟ್ಟಲಿಲ್ಲ. "ಅರ್ಧ. ಇದೂ ಅರ್ಧ!"

"ಅಪ್ಪಾ, ಆ ಬಾಗಿಲು ಒಮ್ಮೆ—"

"ಬಾಗಿಲಿನ ಸುದ್ದಿ ತೆಗೀಬೇಡ! ಸೋಮವಾರ ಕಾಲೇಜಿಗೆ ಹೊರಡು."

ಎದ್ದು ದುಡುದುಡು ಹೊರಗೆ ಹೋದ್ರು. ಸಿಟ್ಟು ತೀರಲಿಲ್ಲ, ಗೋಡೆಗಂಟಿದ್ದ ಹಲಗೆ ಹಿಡಿದೆಳೆದು, ಧಡಾರ್ ಅಂತ ಬಾಗಿಲು ಹಾಕಿದ್ರು.

ಕೋಟೆ ಪೂರ್ತಿಯಾಯ್ತು. ಮುಗಿಸಿದ್ದು ಅಪ್ಪ.