ಮೈಕಿನಲ್ಲಿ ಹೋದ ಪೇಟೆಂಟ್

ಪೇಟೆಂಟ್ ನಿಯಮಗಳನ್ನು ತಿದ್ದಿದವರು ಒಂದು ತಪ್ಪು ಮಾಡಿದರು. ಕಾಲೇಜೂ ಕಂಪೆನಿಯೂ ಇಲ್ಲದ ಮನುಷ್ಯನೂ ಯಂತ್ರ ಮಾಡುತ್ತಾನೆ ಎಂಬುದನ್ನು ಮರೆತರು. ನಾನು ಇದನ್ನು ಸಿಕ್ಕಸಿಕ್ಕಲ್ಲಿ ಕೂಗಿ ಹೇಳುತ್ತೇನೆ. ಪ್ರತಿ ಸಲವೂ ಎಂತಾದರೊಂದು ನಡೆದು, ಜನ ಕಾನೂನಿನ ಬದಲು ನನ್ನನ್ನು ನೋಡಿ ನಗುತ್ತಾರೆ.

ಬೆರಳು ಮತ್ತು ಹೆಂಚು

ಮೊಗ್ರಾಲಿನಲ್ಲಿ ನನ್ನದು ಪಂಪ್ ರಿಪೇರಿ ಅಂಗಡಿ. ಹೆಂಡತಿ ಹೊಳೆಯ ಮರುವಾಯಿ ತಂದು, ಬೇಯಿಸಿ, ಚಿಪ್ಪಿನಿಂದ ಮಾಂಸ ಬಿಡಿಸಿ ಹೋಟೆಲುಗಳಿಗೆ ಕೊಡುತ್ತಾಳೆ. ಅವಳ ಬೆರಳುಗಳಲ್ಲಿ ಚಿಪ್ಪು ಕೊಯ್ದ ಗಾಯ ಇಲ್ಲದ ದಿನ ಇಲ್ಲ. ಹಳೆಯ ವಾಷಿಂಗ್ ಮೆಷಿನ್ನಿನ ಡ್ರಮ್ಮಿಗೆ ತೂತು ಹೊಡೆದು ನಾನೊಂದು ಯಂತ್ರ ಮಾಡಿದೆ. ಡ್ರಮ್ ಕುಲುಕಿದರೆ ಮಾಂಸ ಕೆಳಗೆ ಬೀಳಬೇಕು, ಚಿಪ್ಪು ಒಳಗೆ ಉಳಿಯಬೇಕು. ಪೇಟೆಂಟ್ ಸಿಕ್ಕಿದರೆ ನಾವೇ ಅದನ್ನು ತಯಾರಿಸಿ ಮಾರಬಹುದು. ಸಿಗದಿದ್ದರೆ ದೊಡ್ಡ ವರ್ಕ್‌ಶಾಪಿನವರು ನೋಡಿ ಮಾಡಿ ಮಾರುತ್ತಾರೆ, ನಾವು ನೋಡುತ್ತಾ ಕೂರಬೇಕು.

ಮೊದಲ ಸಲ ಸ್ವಿಚ್ ಹಾಕಿದಾಗ ಚಿಪ್ಪುಗಳೆಲ್ಲ ಮೇಲಕ್ಕೆ ಹಾರಿ ಅಡುಗೆಮನೆಯ ಹೆಂಚು ಒಡೆದವು. ಹೆಂಡತಿ ಮೇಲೆ ನೋಡಿ ಹೇಳಿದಳು: "ಕೈಯಲ್ಲಿ ಬಿಡಿಸುವಾಗ ಬೆರಳು ಮಾತ್ರ ಹೋಗುತ್ತಿತ್ತು."

ತೂತು ದುಂಡಗೆ ಬೇಡ, ಉದ್ದ ಬೇಕು ಎಂದವಳೂ ಅವಳೇ. ಹಾಗೆ ಮಾಡಿದ ಮೇಲೆ ಯಂತ್ರ ಸರಿಯಾಯಿತು. ಆ ಖುಷಿಯಲ್ಲೇ ಮರುದಿನ ಹೊಸಂಗಡಿಯಲ್ಲಿ ಸರ್ವಿಸ್ ರಸ್ತೆಗಾಗಿ ನಡೆದ ಧರಣಿಗೆ ಹೋಗಿ ಗಂಟೆಗಟ್ಟಲೆ ಭಾಷಣ ಮಾಡಿದೆ. ಭಾಷಣದಲ್ಲಿ ಎಂತ ಹೇಳಿದೆ ಎಂದು ನನಗೆ ನೆನಪಿರುವುದಿಲ್ಲ. ಪುಣ್ಯಕ್ಕೆ ಕೇಳಿದವರಿಗೂ ಇರುವುದಿಲ್ಲ.

ಗುಟ್ಟಿನ ಪ್ರಯಾಣ

ಮಂಗಳೂರಿನಲ್ಲಿ ಪೇಟೆಂಟ್ ಅರ್ಜಿ ಬರೆದುಕೊಡುವ ಏಜೆಂಟ್ ಮೇಡಂ ಒಬ್ಬರು ಇದ್ದಾರೆ. ಯಂತ್ರವನ್ನು ಯಾರಿಗೂ ತೋರಿಸದೆ ತನ್ನಿ ಎಂದು ಫೋನಿನಲ್ಲಿ ಹೇಳಿದರು. ಡ್ರಮ್ಮಿಗೆ ಲುಂಗಿ ಸುತ್ತಿ ಬಸ್ಸು ಹತ್ತಿದೆ. ಇದು ಎಂತದ್ದು ಎಂದು ಕಂಡಕ್ಟರ್ ಕೇಳಿದ. ಹೇಳುವ ಹಾಗಿಲ್ಲ, ಗುಟ್ಟು ಎಂದೆ.

"ಹೇಳುವುದೇ ಬೇಡ ಮಾರಾಯ್ರೆ. ಮರುವಾಯಿ ಅಂತ ಹಿಂದಿನ ಸೀಟಿನವರೆಗೂ ಗೊತ್ತಾಗಿದೆ."

ಏಜೆಂಟ್ ಮೇಡಂ ಕಿಟಕಿ ತೆರೆದಿಟ್ಟು ನನ್ನ ಮಾತು ಕೇಳಿದರು. ಕೊನೆಗೆ, ಈ ವಿಷಯ ಮೊದಲು ಎಲ್ಲಿಯಾದರೂ ಪ್ರಕಟವಾಗಿದೆಯೇ ಎಂದರು. ನನಗೆ ಸಿಟ್ಟೇ ಬಂತು. ಇಪ್ಪತ್ತು ವರ್ಷದಿಂದ ಪತ್ರಿಕೆಗಳಿಗೆ ಬರೆಯುತ್ತಿದ್ದೇನೆ, ಒಬ್ಬನೂ ನನ್ನದೊಂದು ಸಾಲು ಪ್ರಕಟಿಸಿಲ್ಲ ಎಂದೆ. ಅವರು ಸಮಾಧಾನದಿಂದ "ಇಲ್ಲ" ಎಂದು ಬರೆದುಕೊಂಡರು.

ಮಹಿಳೆಯರಿಗೆ ಮೊದಲು

ಒಂಟಿ ಗಂಡಸಿನ ಅರ್ಜಿ ಸಾಲಿನಲ್ಲಿ ಕಾಯಬೇಕು. ನಿಯಮ ತಿದ್ದಿದ ಮೇಲೆ, ಅರ್ಜಿದಾರರಲ್ಲಿ ಒಬ್ಬ ಹೆಂಗಸಿದ್ದರೆ ಬೇಗ ಪರಿಶೀಲಿಸಿ ಎಂದು ಕೇಳಬಹುದು ಎಂದರು ಮೇಡಂ. ಹೆಂಗಸರ ಹಕ್ಕಿನ ಬಗ್ಗೆ ನಾನು ಎಷ್ಟು ವೇದಿಕೆಗಳಲ್ಲಿ ಗುಡುಗಿದ್ದೇನೋ. ಆದರೆ ಉದ್ದ ತೂತು ಹೇಳಿದವಳ ಹೆಸರು ಅರ್ಜಿಯಲ್ಲಿ ಬೇಕು ಎಂದು ನನಗೆ ಹೊಳೆದದ್ದು ಆ ಹೊತ್ತಿನಲ್ಲಿ ಮಾತ್ರ.

ಸಹಿ ಹಾಕು ಎಂದೆ. ಹೆಂಡತಿ ಪೆನ್ನು ಹಿಡಿದುಕೊಂಡೇ ಕೇಳಿದಳು: "ವೇದಿಕೆಗೆ ನೀವು, ಸಾಲು ತಪ್ಪಿಸಲಿಕ್ಕೆ ನಾನೋ?"

ಅವಳ ಹೆಸರೇ ಮೊದಲು ಬಂತು. ಅವಳ ದೆಸೆಯಿಂದ ಪೇಟೆಂಟ್ ಕಚೇರಿಯ ಉತ್ತರವೂ ಬೇಗ ಬಂತು. ಬೇಗ ಬಂದದ್ದು ಆಕ್ಷೇಪ.

ಕಳ್ಳ ಸಿಕ್ಕಿದ

ಅರ್ಜಿ ಹಾಕುವ ಮೊದಲೇ ಈ ಯಂತ್ರವನ್ನು ಒಂದು ವಿಡಿಯೋದಲ್ಲಿ ಪೂರ್ತಿ ವಿವರಿಸಲಾಗಿದೆ, ಆದ್ದರಿಂದ ಇದು ಹೊಸತಲ್ಲ ಎಂದಿತ್ತು. ಕೆಳಗೆ ವಿಡಿಯೋದ ಲಿಂಕ್. ಅದನ್ನು ತೆರೆದು ನೋಡುವಷ್ಟು ತಾಳ್ಮೆ ಯಾರಿಗುಂಟು? ನೇರ ಹೊಸಂಗಡಿಗೆ ಹೋಗಿ ಜನ ಸೇರಿಸಿದೆ. ಬಡವನ ಬುದ್ಧಿ ಕದ್ದವನಿಗೆ ಧಿಕ್ಕಾರ ಎಂದು ಕೂಗಿಸಿದೆ. ರಿಕ್ಷಾದವರು, ಮೀನಿನವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲರೂ ಕೂಗಿದರು. ಹೆಂಡತಿಯೂ ಕೂಗಿದಳು. ಆಮೇಲೆ, ಕಳ್ಳನ ಸ್ವರ ನೀವೇ ಕೇಳಿ ಎಂದು ಮೊಬೈಲನ್ನು ಮೈಕಿಗೆ ಹಿಡಿದು ಲಿಂಕ್ ಒತ್ತಿದೆ.

"ಬಂಧುಗಳೇ," ಎಂದಿತು ಲೌಡ್‌ಸ್ಪೀಕರ್, "ಸರ್ವಿಸ್ ರಸ್ತೆಯ ವಿಷಯ ಆಮೇಲೆ. ನಿನ್ನೆ ನಾನೊಂದು ಯಂತ್ರ ಮಾಡಿದೆ. ಅದರ ತೂತು ಇಷ್ಟುದ್ದ…"

ನನ್ನದೇ ಸ್ವರ. ಧರಣಿಯ ದಿನ ಯಾರೋ ಮೊಬೈಲ್ ಹಿಡಿದಿದ್ದರು. ವಿಡಿಯೋದಲ್ಲಿ ಎರಡು ಬೆರಳು ಅಗಲಿಸಿ ಅಳತೆಯನ್ನೂ ತೋರಿಸುತ್ತಿದ್ದೇನೆ.

ಎದುರಿಗಿದ್ದ ರಿಕ್ಷಾದವ ಕೇಳಿದ: "ಕಳ್ಳ ಸಿಕ್ಕಿದನಲ್ಲ. ಧಿಕ್ಕಾರ ಮುಂದುವರಿಸುವುದಾ, ಸಾಕಾ?"

ಹೆಂಡತಿ ಮೈಕ್ ಆಫ್ ಮಾಡಿದಳು. ಮರುದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮರುವಾಯಿ ಬಿಡಿಸಲು ಕೂತಳು. ಯಂತ್ರದ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಏಜೆಂಟ್ ಮೇಡಂಗೆ ಫೋನ್ ಮಾಡಿದೆ. ವಿದ್ವಾಂಸರ ಸಭೆಯಲ್ಲಿ ಪ್ರಬಂಧ ಓದಿದ್ದರೆ, ಅಥವಾ ಸರಕಾರ ಗುರುತಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ, ಅರ್ಜಿ ಹಾಕಲು ಹನ್ನೆರಡು ತಿಂಗಳ ಮಾಫಿ ಉಂಟು ಎಂದರು. ಹೊಸ ನಿಯಮದಲ್ಲಿ ಆ ಮಾಫಿ ಕೇಳಲು ಬೇರೆಯೇ ಫಾರಂ ಬಂದಿದೆಯಂತೆ. ಫಾರಂ ಹೊಸತು, ಮಾಫಿ ಮಾತ್ರ ಹಳೆಯ ದೊಡ್ಡವರಿಗೇ.

ಹೊಸಂಗಡಿ ವಿದ್ವಾಂಸರ ಸಭೆ ಅಲ್ಲವಾ ಎಂದು ಕೇಳಿದೆ.

"ಅಲ್ಲಿ ನಿಮ್ಮ ಮಾತು ಎಷ್ಟು ಜನರಿಗೆ ಅರ್ಥವಾಯಿತು?"

"ಎಲ್ಲರಿಗೂ."

"ಹಾಗಾದರೆ ಅದು ವಿದ್ವಾಂಸರ ಸಭೆ ಆಗಲಿಕ್ಕಿಲ್ಲ."

ನಕ್ಕಿರಾ? ಸರಿ, ಈಗ ಕೆಲಸ ಮಾಡಿ. ನಿಮ್ಮ ಮನೆಯ ಹಿಂದೆ ಯಂತ್ರವೊಂದು ತಯಾರಾಗುತ್ತಿದ್ದರೆ ಮೊದಲು ಅರ್ಜಿ ಹಾಕಿ, ಆಮೇಲೆ ಬಾಯಿ ಬಿಡಿ. ಯಂತ್ರ ಇಲ್ಲದವರು ನಿಮ್ಮ ಸಂಸದರಿಗೆ ಇವತ್ತೇ ಬರೆಯಿರಿ: ತಾವು ಮಾಡಿದ್ದನ್ನು ತಾವೇ ತೋರಿಸಿದವರಿಗೆ, ಸಭಾಂಗಣವಾಗಲಿ ಬಸ್‌ಸ್ಟ್ಯಾಂಡ್ ಆಗಲಿ, ಒಂದೇ ಮಾಫಿ ಕೊಡಿ. ಭಾಷಣ ಬೇಡ, ಅದನ್ನು ನಾನು ಮಾಡಿ ಮುಗಿಸಿದ್ದೇನೆ. ಬರೆಯಿರಿ.