ಐನ್ ಸರ್ದೂಕಿನ ಬಿಸಿಲಿಗೆ ತಮ್ಮದೊಂದು ಸಹಿ ಕೋರಿ

ತಪ್ಪಲಿನ ವಿದ್ಯುತ್ ಸಂಸ್ಥೆಯ ಸಂಪರ್ಕ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಲೆಬನಾನಿನ ಬೆಟ್ಟದ ಮೇಲಿನ ಐನ್ ಸರ್ದೂಕ್ ಗ್ರಾಮದ ನಿವೃತ್ತ ಭೂಗೋಳ ಮೇಷ್ಟ್ರೂ ಊರಿನ ಸೌರ ಸಹಕಾರ ಸಂಘದ ಕಾರ್ಯದರ್ಶಿಯೂ ಆದ ನಸೀಬ್ ಅಬೂ ರಸ್ಲಾನ್ ಎಂಬ ನಾನು, ತಾವೂ ತಮ್ಮ ಕುರ್ಚಿಯೂ ಕ್ಷೇಮವಾಗಿರುವಿರೆಂದು ನಂಬಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಮ್ಮ ಅರವತ್ತಮೂರು ಮನೆಗಳವರು ಕೂಡಿ ಹಳೆಯ ರೇಷ್ಮೆ ಕಾರ್ಖಾನೆಯ ಮಾಡಿನ ಮೇಲೆ ಸೌರ ಫಲಕಗಳನ್ನು ಹೂಡಿ ಹನ್ನೊಂದು ತಿಂಗಳಾಯಿತು. ಅಲ್ಲಿ ಹುಟ್ಟುವ ಕರೆಂಟು ಮನೆಗಳಿಗೆ ಹೋಗಬೇಕಾದರೆ ತಮ್ಮ ತಂತಿಯಲ್ಲೇ ಹೋಗಬೇಕು, ಅದಕ್ಕೆ ತಮ್ಮ ಸಹಿ ಬೇಕು. ದಿನಕ್ಕೆ ಎರಡೇ ಗಂಟೆ ದುಡಿಯುವ ಆ ತಂತಿಗೆ ಉಳಿದ ಇಪ್ಪತ್ತೆರಡು ಗಂಟೆ ವಿಶ್ರಾಂತಿ ಕೊಟ್ಟಿರುವ ತಮ್ಮ ಕರುಣೆಯನ್ನು ನಾವು ಅರಿಯದವರಲ್ಲ.

ಮಾರ್ಚಿನಲ್ಲಿ ತಾವು ಕಳಿಸಿದ ಪರಿವೀಕ್ಷಕ ಹಾತಿಮ್ ಅವರು ಬಂದ ದಿನ ಬೆಟ್ಟಕ್ಕೆ ಮಂಜು ಕವಿದಿತ್ತು. ಅವರು ನಮ್ಮ ಒಣ ಅಂಜೂರವನ್ನು ಮೆಚ್ಚಿ ತಿಂದು, ಪರಿಶೀಲನೆಯ ವೇಳೆ ಸೂರ್ಯನು ಸ್ಥಳದಲ್ಲಿ ಹಾಜರಿರಲಿಲ್ಲವೆಂದು ವರದಿ ಬರೆದರು. ಕೂಡಲೇ ತಮ್ಮ ಕಚೇರಿ ಸೂರ್ಯನ ಹಾಜರಾತಿಗೆ ಪ್ರಮಾಣಪತ್ರ ಕೇಳಿತು. ಮೂವತ್ತು ವರ್ಷ ಭೂಗೋಳ ಕಲಿಸಿದ ಧೈರ್ಯದಿಂದ ನಾನೇ ಬರೆದುಕೊಟ್ಟೆ. ಸಂಬಂಧಪಟ್ಟವರ ಒಪ್ಪಿಗೆ ಲಗತ್ತಿಸಿಲ್ಲವೆಂದು ಹಿಂದಿರುಗಿಸಿದಿರಿ. ಅಂಥ ಸೂಕ್ಷ್ಮದೃಷ್ಟಿ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಇರಲಿಲ್ಲ.

ಜೂನ್ ತಿಂಗಳಲ್ಲಿ ಡೀಸೆಲ್ ಸಿಗದೆ ಊರಿನ ಜನರೇಟರ್ ನಿಂತಿತು. ಅರ್ಧ ಊರಿಗೆ ಸೂಲಗಿತ್ತಿಯಾಗಿದ್ದ, ಎಂಬತ್ತೊಂದು ವರ್ಷದ ಉಮ್ ವಜ್ದಿ ಆಮ್ಲಜನಕದ ಯಂತ್ರದ ಆಸರೆಯಲ್ಲಿ ಉಸಿರಾಡುವವರು. ಬೆಳಗಿನ ಹತ್ತು ಗಂಟೆಗೆ ಅವರ ತುಟಿ ನೀಲಿಗಟ್ಟಿತು. ನಾಲ್ವರು ಸೇರಿ ಅವರನ್ನು ಕುರ್ಚಿಸಮೇತ ಎತ್ತಿಕೊಂಡು ಕಾರ್ಖಾನೆಗೆ ಓಡಿದೆವು, ಫಲಕಗಳ ಬ್ಯಾಟರಿಗೇ ಯಂತ್ರವನ್ನು ಸಿಕ್ಕಿಸಿದೆವು. ಅದು ಗುರ್ರೆಂದಾಗ ನಾನು ಗೋಡೆಗೆ ಮುಖಮಾಡಿ ಅತ್ತದ್ದನ್ನು ಕಡತದಲ್ಲಿ ಸೇರಿಸುವ ಅಗತ್ಯವಿಲ್ಲ.

ಹತ್ತು ತಿಂಗಳಾದರೂ ಸಹಿಗಾಗಿ ಕದಲದ ತಮ್ಮ ಕಚೇರಿ ನಾಲ್ಕೇ ದಿನದಲ್ಲಿ ಬೆಟ್ಟ ಹತ್ತಿ ಬಂತು. ಅನಧಿಕೃತ ಬಳಕೆಯನ್ನು ಕಡಿದುಹಾಕಬೇಕೆಂಬ ನೋಟಿಸನ್ನೂ ತಂತಿ ಕತ್ತರಿಸುವ ಇಕ್ಕಳವನ್ನೂ ಹಿಡಿದು ಹಾತಿಮ್ ಅವರೇ ಬಂದರು. ಕಾರ್ಖಾನೆಯಲ್ಲೇ ಉಳಿದಿದ್ದ ಉಮ್ ವಜ್ದಿ ಹಾತಿಮ್ ಅವರಿಗೆ ಕಾಫಿ ತರಿಸಿ, ಯಂತ್ರದ ವೈರನ್ನು ಸ್ವತಃ ಎತ್ತಿ ಮುಂದೆ ಚಾಚಿದರು.

"ಇದನ್ನ ತೆಗೆದ್ರೆ ಎಷ್ಟು ಹೊತ್ತು ತಡ್ಕೋತೀರಜ್ಜಿ?" ಎಂದು ಹಾತಿಮ್ ಮೆಲ್ಲಗೆ ಕೇಳಿದರು.

"ನೀನು ಕಾಫಿ ಮುಗಿಸೋವರ್ಗೂ ಇರ್ತೀನಿ ಮಗಾ. ಮನೆಗೆ ಬಂದೋರ್ನ ಅರ್ಧಕ್ಕೆ ಬಿಟ್ಟು ಹೋಗೋ ಪದ್ಧತಿ ನಮ್ಮಲ್ಲಿಲ್ಲ."

ಹಾತಿಮ್ ಆ ಕಾಫಿಯನ್ನು ಮುಗಿಸಲೇ ಇಲ್ಲ. ಬಟ್ಟಲನ್ನು ಕೆಳಗಿಟ್ಟು, ಸ್ಥಳದಲ್ಲಿ ಯಾವ ಸಂಪರ್ಕವೂ ಕಂಡುಬರಲಿಲ್ಲ, ವೃದ್ಧೆಯೊಬ್ಬರು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು ಎಂದು ಬರೆದು ಇಳಿದುಹೋದರು. ಈ ವಾಕ್ಯಕ್ಕಾಗಿ ಅವರನ್ನು ಅಮಾನತಿನಲ್ಲಿಟ್ಟಿದ್ದೀರೆಂದು ಕೇಳಿದೆವು.

ಕರೆಂಟು ಊರಿಗೆ ಬರಲಾಗದ್ದರಿಂದ ಈಗ ಊರೇ ಕರೆಂಟಿನ ಬಳಿಗೆ ಬಂದಿದೆ. ಉಮ್ ವಜ್ದಿಯ ಮಂಚ, ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇಡುವ ಫ್ರಿಜ್ಜು, ಕೊನೆಗೆ ಕ್ಷೌರಿಕನ ಕುರ್ಚಿ, ಎಲ್ಲವೂ ಕಾರ್ಖಾನೆಯೊಳಗೇ ಇವೆ. ಆದಕಾರಣ ಹಾತಿಮ್ ಅವರನ್ನು ಕೆಲಸಕ್ಕೆ ಮರಳಿ ಕರೆಯಬೇಕೆಂದೂ, ಸಹಿ ಮಾಡಲು ತಮ್ಮ ಕೈಗೆ ಬಿಡುವಿಲ್ಲವಾದರೆ ನಮ್ಮ ಊರಿನ ಮೇಲೆ ಅನುಮತಿಯಿಲ್ಲದೆ ಉದಯಿಸಕೂಡದೆಂದು ಸೂರ್ಯನಿಗೇ ಒಂದು ನೋಟಿಸು ಕಳಿಸಬೇಕೆಂದೂ ಬೇಡುತ್ತೇವೆ. ಅದನ್ನು ತಲುಪಿಸುವಾತನಿಗೂ ಕಾಫಿ ಕೊಡುತ್ತೇವೆ.

ತಮ್ಮ ಸಹಿಯ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ನಸೀಬ್ ಅಬೂ ರಸ್ಲಾನ್

ತಾ.ಕ.: ನಿನ್ನೆ ತಮ್ಮ ಕಚೇರಿಯ ಗುಮಾಸ್ತರು ಕಾರಿನಲ್ಲಿ ಪ್ರಿಂಟರ್ ಹೇರಿಕೊಂಡು ನಮ್ಮಲ್ಲಿಗೆ ಬಂದಿದ್ದರು. ತಮ್ಮಲ್ಲಿ ಮೂರು ದಿನಗಳಿಂದ ಕರೆಂಟಿಲ್ಲದ ಕಾರಣ, ನಮ್ಮ ಹಿಂದಿನ ಅರ್ಜಿಯ ತಿರಸ್ಕಾರ ಪತ್ರವನ್ನು ನಮ್ಮ ಕರೆಂಟಿನಲ್ಲೇ ಮುದ್ರಿಸಿಕೊಂಡು ಹೋದರು. ಅಕ್ಷರಗಳು ಬಹಳ ಸ್ಪಷ್ಟವಾಗಿ ಮೂಡಿವೆ.