ಕೆಂಪಿಯ ಗಂಟಲಲ್ಲಿ ಗೊರ್ರು

ಓಡುವಾಗ ಕೆಂಪಿಯ ಗಂಟಲಿನಿಂದ ಗೊರ್ರೆಂದು ಸದ್ದು ಬರಲು ಶುರುವಾದಾಗ ಇಡೀ ಲಾಯ ತಲೆಯ ಮೇಲೆ ಕೈ ಹೊತ್ತು ಕೂತಿತು. ಒಳಗೊಳಗೇ ಹಿಗ್ಗಿದವನು ಆ ಕುದುರೆಯ ಸವಾರ ಒಬ್ಬನೇ.

ಅವನನ್ನು ಎಲ್ಲರೂ ಹುಲಿ ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ ಓಡುವ ಕುದುರೆಯಿಂದ ಬಿದ್ದವನು ಮಣ್ಣು ಕೊಡವಿಕೊಂಡು ನಗುತ್ತಾ ಎದ್ದಿದ್ದಕ್ಕೆ ಸಿಕ್ಕ ಬಿರುದು ಅದು. ಆ ನಗು ಗಾಬರಿಯದು, ನಿಲ್ಲಿಸಲು ಬಾರದೆ ನಕ್ಕದ್ದು ಎಂಬ ಗುಟ್ಟು ಅವನಿಗೊಬ್ಬನಿಗೇ ಗೊತ್ತು. ಅಂದಿನಿಂದ ಕುದುರೆ ವೇಗ ಹಿಡಿದರೆ ಸಾಕು, ಹುಲಿಯ ಜೀವ ಬಾಯಿಗೆ ಬರುತ್ತಿತ್ತು. ಬಾವಿಗೆ ಬಿದ್ದವನು ಹಗ್ಗ ಹಿಡಿದಂತೆ ಲಗಾಮು ಹಿಡಿಯುತ್ತಿದ್ದ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಭಾನುವಾರದ ಪಂದ್ಯದಲ್ಲಿ ಪ್ರಾಣ ಹೋಗುತ್ತದೆ. ಅಂಥ ಹೊತ್ತಿಗೆ ಈ ಗೊರ್ರು! ಕುದುರೆಗೇ ರೋಗ ಅಂದಮೇಲೆ ಸವಾರನದೇನು ತಪ್ಪು?

ಕುದುರೆ ನೋಡುವ ಡಾಕ್ಟರಮ್ಮ ಬರುವುದರೊಳಗೆ ಲಾಯದ ತುಂಬ ಡಾಕ್ಟರುಗಳಾದರು.

"ನಾಲಿಗೆ ಹಿಂದಕ್ಕೆ ಸರಿದಿರುತ್ತೆ ಕಣೋ. ಪಟ್ಟಿ ಹಾಕಿ ಕಟ್ಟಿಬಿಡು," ಅಂದ ಲಾಳ ಹೊಡೆಯುವವನು.

"ಕಟ್ಟೋದಾದ್ರೆ ಮೊದಲು ನಿನ್ನ ನಾಲಿಗೆ ಕಟ್ಟಬೇಕು," ಅಂದಳು ಹುಲ್ಲು ಹಾಕುವ ಅಕ್ಕ. "ಮೇವಿನ ಧೂಳು ಹೊಕ್ಕಿದೆ ಅಷ್ಟೆ. ಹಬೆ ಕೊಟ್ರೆ ಈಗ್ಲೇ ಸರಿಹೋಗುತ್ತೆ."

"ಬೇಡಕ್ಕಾ! ಸರಿಹೋಗಿಬಿಟ್ರೆ?" ಎಂದು ಹುಲಿ ಬಾಯಿ ಜಾರಿ ಅಂದುಬಿಟ್ಟ. ಅಕ್ಕ ಕಣ್ಣರಳಿಸುವಷ್ಟರಲ್ಲಿ ಗಡಿಬಿಡಿಯಿಂದ ಅವಳು ಹಬೆಗೆ ತಂದಿಟ್ಟ ಬಕೆಟ್ಟು ಎಳೆಯಲು ಹೋಗಿ ಬಿಸಿನೀರನ್ನು ತನ್ನ ಕಾಲ ಮೇಲೇ ಸುರಿದುಕೊಂಡ. ಕೆಂಪಿ ಅವನ ಮುಖದ ಮೇಲೆ ಸೀನಿದಳು.

ಡಾಕ್ಟರಮ್ಮ ಬಂದವರೇ ಹಾವಿನ ಮರಿಯಂಥ ಕರಿ ಕೊಳವೆ ಹೊರತೆಗೆದರು. ಅದರ ತುದಿಯಲ್ಲಿ ಪುಟ್ಟ ಕ್ಯಾಮೆರಾ.

"ಕುದುರೆ ಬಾಯಲ್ಲಿ ಉಸಿರಾಡಲ್ಲ, ಎಲ್ಲಾ ಮೂಗಲ್ಲೇ. ನಿಂತಾಗ ಚೆನ್ನಾಗಿರೋ ಗಂಟಲು ಓಡುವಾಗ ಮುಚ್ಚಿಕೊಳ್ಳಬಹುದು. ಎಡಗಡೆ ನರ ಸೋತಿದ್ರೆ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ವಿಶ್ರಾಂತಿ."

"ಎಡಗಡೆನೇ ಮೇಡಂ!" ಅಂದ ಹುಲಿ, ಕೈಮುಗಿಯುವುದೊಂದು ಬಾಕಿ.

"ಓಡಿಸಿ, ನೋಡೋಣ."

ಹುಲಿ ಒಲ್ಲದ ಮನಸ್ಸಿನಿಂದ ಕೆಂಪಿಯ ಬೆನ್ನೇರಿದ. ಕೊಳವೆ ಕೆಂಪಿಯ ಮೂಗು ಸೇರಿ ಕಡಿವಾಣಕ್ಕೆ ಬಿಗಿಯಾಯಿತು. ಡಾಕ್ಟರಮ್ಮ, ಲಾಯದ ಯಜಮಾನರು ಜೀಪು ಹತ್ತಿ ಪಕ್ಕದಲ್ಲೇ ಬಂದರು. ಡಾಕ್ಟರಮ್ಮನ ಕೈಯಲ್ಲಿ ಗಂಟಲಿನ ಚಿತ್ರ ತಂತಿಯಿಲ್ಲದೇ ಮೂಡುವ ಪರದೆ. ಕೆಂಪಿ ನಾಗಾಲೋಟಕ್ಕೆ ಬಿದ್ದಳು. ಹುಲಿ ಲಗಾಮು ಜಗ್ಗಿದ. ಅವಳ ಗದ್ದ ಎದೆಗೆ ತಾಗಿತು. ಗೊರ್ರ್‌!

"ಲಗಾಮು ಸಡಿಲ ಬಿಡಿ!" ಅಂದರು ಡಾಕ್ಟರಮ್ಮ. ಹುಲಿಗೆ ಕಿವಿ ಕೇಳಲಿಲ್ಲ.

"ಬಿಡೋ ಲೇ!" ಅಂದರು ಯಜಮಾನರು. ಕೇಳಿಸಿತು.

ಹುಲಿ ಗೇಣಷ್ಟು ಲಗಾಮು ಬಿಟ್ಟ. ಸದ್ದು ನಿಂತಿತು. ಹೆದರಿ ಮತ್ತೆ ಜಗ್ಗಿದ. ಗೊರ್ರ್‌!

ಜೀಪೂ ಕೆಂಪಿಯೂ ನಿಂತವು. "ನರ ಗಟ್ಟಿಯಾಗಿದೆ," ಅಂದರು ಡಾಕ್ಟರಮ್ಮ. "ಇವರು ಜಗ್ಗಿದಾಗ ಕತ್ತು ಮಡಚಿ ಗಂಟಲು ಕುಸಿಯುತ್ತೆ. ರೋಗ ಸವಾರನ ಕೈಯಲ್ಲಿದೆ."

ಎಲ್ಲರ ಕಣ್ಣೂ ಹುಲಿಯ ಮೇಲೆ. ಗುಟ್ಟು ರಟ್ಟಾಯಿತು, ಅನ್ನಕ್ಕೆ ಕಲ್ಲು ಬಿತ್ತು. ಆದರೂ ಎದೆಯ ಮೂಲೆಯಲ್ಲೆಲ್ಲೋ ಹಾಯೆನಿಸಿತು: ಇನ್ನು ಓಡಿಸಬೇಕಿಲ್ಲ. "ಯಜಮಾನ್ರೇ, ನಾನು... ನನಗೆ..."

"ಮಾತಾಡಬೇಡ!" ಯಜಮಾನರು ಜೀಪಿನಿಂದಿಳಿದು ಹಿಗ್ಗಿನಿಂದ ಅವನ ತೊಡೆಗೆ ಬಾರಿಸಿದರು. "ಬ್ರೇಕ್ ಹಾಕ್ಕೊಂಡೇ ಇಷ್ಟು ವೇಗ ಓಡಿಸ್ತಿದ್ದನಲ್ರೀ! ಪೂರ್ತಿ ಬಿಟ್ರೆ ಇನ್ನೆಷ್ಟು? ಭಾನುವಾರಕ್ಕೆ ಅಂತ ಬಚ್ಚಿಟ್ಟಿದ್ದಾನೆ, ಕಳ್ಳ! ಬಿಡೋ ಲಗಾಮು!"

ಜೊತೆಗೇ ಕೆಂಪಿಯ ಹಿಂಭಾಗಕ್ಕೊಂದು ಏಟು. ಲಗಾಮು ಸಡಿಲವಾದ ಕೆಂಪಿ ಬಾಣದಂತೆ ಚಿಮ್ಮಿದಳು. ಹುಲಿ ಅವಳ ಜೂಲನ್ನು ತಬ್ಬಿ ಕಣ್ಣುಮುಚ್ಚಿದ. ಮೈದಾನ, ಬೇಲಿ, ಆಕಾಶ ಒಂದಾದವು. ಅಷ್ಟರಲ್ಲಿ ಮೊದಲಿಗಿಂತ ದೊಡ್ಡ ಸದ್ದು ಲಾಯದ ಗೋಡೆಗೆ ಬಡಿದು ಬಂತು.

"ಅಯ್ಯೋ, ಮತ್ತೆ ಶುರುವಾಯ್ತಲ್ಲ!" ಯಜಮಾನರು ತಲೆ ಚಚ್ಚಿಕೊಂಡರು.

ಡಾಕ್ಟರಮ್ಮ ಪರದೆ ನೋಡಿದರು. ಕೆಂಪಿಯ ಗಂಟಲು ಮದುವೆ ಮನೆಯ ಬಾಗಿಲಂತೆ ತೆರೆದಿತ್ತು. "ಇದು ಕೆಳಗಿನದಲ್ಲ," ಅಂದರು. "ಮೇಲೆ ಕೂತವರದು."

ಯಜಮಾನರು ಕಿವಿಗೊಟ್ಟು ಕೇಳಿದರು. ಮುಖ ಊರಗಲವಾಯಿತು.

"ಕೇಳಿದ್ರೇನ್ರೋ! ನಮ್ಮ ಹುಲಿ ಘರ್ಜಿಸ್ತಿದೆ! ಭಾನುವಾರ ಒಂದಲ್ಲ, ಎಲ್ಲಾ ಪಂದ್ಯಕ್ಕೂ ಇವನನ್ನೇ ಹತ್ತಿಸಿ!"